ಮೀಸೆ ಬಂದವರ ಮಕ್ಕಳಾಟ

ನಲವತ್ತರ ಗಂಡಸು ಅಪ್ಪನ ಮನೆಯಲ್ಲೇ ಇದ್ದಾನೆ ಎಂದಮಾತ್ರಕ್ಕೆ ನಮ್ಮ ಮೈಸೂರಿನ ಹೆಬ್ಬಾಳದಲ್ಲಿ ಯಾರಿಗೂ ನಗು ಬರುವುದಿಲ್ಲ. ಕೈಗಾರಿಕಾ ಪ್ರದೇಶದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬಂದವನಿಗೆ ಅಮ್ಮ ಸಾರು ಬಿಸಿಮಾಡಿ ಬಡಿಸುತ್ತಾಳೆ; ಮದುವೆಯಾದರೆ ಮೇಲೊಂದು ಮಹಡಿ ಏಳುತ್ತದೆ, ಅಷ್ಟೆ. ಹಾಗಾಗಿ ಆಡಂ ಮೆಕೇ ನಿರ್ದೇಶನದ ‘ಸ್ಟೆಪ್ ಬ್ರದರ್ಸ್’ (2008) ಇಲ್ಲಿ ಪುಕ್ಕಟೆ ನಗುವನ್ನು ನೆಚ್ಚಿಕೊಳ್ಳುವಂತಿಲ್ಲ, ದುಡಿದೇ ಗಳಿಸಬೇಕು. ಆದರೆ ಚಿತ್ರಕ್ಕೆ ಅದರ ನಾಯಕರಷ್ಟೇ ಸೋಮಾರಿತನ.

39ರ ಬ್ರೆನನ್ (ವಿಲ್ ಫೆರೆಲ್) ಅಮ್ಮನ ಜೊತೆ, 40ರ ಡೇಲ್ (ಜಾನ್ ಸಿ. ರೈಲಿ) ಅಪ್ಪನ ಜೊತೆ. ಇಬ್ಬರಿಗೂ ದುಡಿಮೆಯಿಲ್ಲ. ಆ ಅಮ್ಮ, ಈ ಅಪ್ಪ ಮದುವೆಯಾದಾಗ ಇಬ್ಬರೂ ಒಂದೇ ಕೋಣೆಗೆ ಬೀಳುತ್ತಾರೆ. ಮೊದಲು ಕಚ್ಚಾಟ, ಆಮೇಲೆ ಜಿಗ್ರಿ ದೋಸ್ತಿ.

ಒಳ್ಳೆಯ ತುಣುಕುಗಳಿಲ್ಲವೆಂದಲ್ಲ. ಮನೆತನದ ವೃತ್ತಿಗೆ ಇಳಿಯಲೆಂದು ಕಾಲೇಜು ಬಿಟ್ಟವನು ಡೇಲ್. ಆ ವೃತ್ತಿ ಯಾವುದೆಂದರೆ, ಅಪ್ಪನ ಡಾಕ್ಟರಿಕೆ! ಕೆಲಸದ ಸಂದರ್ಶನಕ್ಕೆ ಇಬ್ಬರೂ ಮದುವೆ ಗಂಡುಗಳ ಹಾಗೆ ಸೂಟು ತೊಟ್ಟು ಒಟ್ಟಿಗೇ ಹೋಗುವುದೂ ಮಜವಾಗಿದೆ. ಇವು ಪಾತ್ರದ ಭ್ರಮೆಯಿಂದ ಹುಟ್ಟಿದ ನಗು. ಉಳಿದದ್ದು ಬರೀ ಕಿರುಚಾಟ. ಡ್ರಮ್ ಸೆಟ್ಟಿನ ಮೇಲೆ ಬ್ರೆನನ್ ಮಾಡುವ ಚೇಷ್ಟೆಯನ್ನಂತೂ ಪತ್ರಿಕೆಯಲ್ಲಿ ಬರೆಯುವಂತಿಲ್ಲ.

ನನ್ನ ತಕರಾರು ಅಸಭ್ಯತೆಯ ಬಗ್ಗೆ ಅಲ್ಲ, ಅಪ್ಪನ ಬಗ್ಗೆ. ಆ ಪಾತ್ರದಲ್ಲಿ ಇರುವುದು ರಿಚರ್ಡ್ ಜೆಂಕಿನ್ಸ್. ಅದೇ ವರ್ಷ ತೆರೆಗೆ ಬಂದ ‘ದ ವಿಸಿಟರ್’ ಚಿತ್ರಕ್ಕಾಗಿ ಆಸ್ಕರ್‌ಗೆ ನಾಮನಿರ್ದೇಶನಗೊಂಡ ನಟ. ನಿವೃತ್ತನಾಗಿ ದೋಣಿಯಲ್ಲಿ ಲೋಕ ಸುತ್ತಬೇಕೆಂಬುದು ಈ ಅಪ್ಪನ ಆಸೆ. ಮಕ್ಕಳು ಆ ದೋಣಿಯಲ್ಲೇ ಹಾಡಿನ ವಿಡಿಯೊ ಮಾಡಿ, ಎಲ್ಲರೆದುರು ಹಾಕಿ ತೋರಿಸುತ್ತಾರೆ. ದೋಣಿ ಹೋಗಿ ಬಂಡೆಗೆ ಬಡಿಯುವುದನ್ನು ಅಪ್ಪ ನೋಡುವುದು ಆ ವಿಡಿಯೊದಲ್ಲೇ. ನಗಬೇಕೋ ಮರುಗಬೇಕೋ ತಿಳಿಯದ ಆ ಗಳಿಗೆಯಲ್ಲಿ ಇಡೀ ಸಿನಿಮಾ ಇತ್ತು. ಮೆಕೇ ಅದನ್ನು ದಾಟಿ ಮುಂದೆ ಓಡುತ್ತಾರೆ. ಕೊನೆಗೆ ಮಕ್ಕಳಿಬ್ಬರೂ ಕೆಲಸ ಹಿಡಿದು ಸರಿಹೋದಾಗ, ಚಿಕ್ಕಂದಿನಲ್ಲಿ ತಾನು ಡೈನೋಸಾರ್ ಆಗಬೇಕೆಂದುಕೊಂಡಿದ್ದ ಕಥೆ ಹೇಳಿ, ನೀವು ಮೊದಲಿನ ಹಾಗೇ ಇರಿ ಎಂದು ಇದೇ ಅಪ್ಪ ಬೇಡುತ್ತಾನೆ! ದೋಣಿಯ ಲೆಕ್ಕ ಕೇಳುವವರೇ ಇಲ್ಲ.

ಬೆಳೆದ ಮಕ್ಕಳು ಮನೆಯಲ್ಲಿರುವ ಕಥೆಗೆ ಹೆತ್ತವರೇ ಬಂಡವಾಳ. ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ (2017) ನೋಡಿ. ಮಂಗಳೂರಿನ ಕನ್ನಡ ಮೇಷ್ಟ್ರು ಜನಾರ್ದನನಿಗೆ ತಲೆಗೂದಲಿಲ್ಲ, ಮದುವೆ ಕೂಡಿಬರುತ್ತಿಲ್ಲ. ಅವನಿಗಿಂತ ಮನೆಯವರಿಗೇ ತಳಮಳ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಎಲ್ಲರೂ ಕಕ್ಕಾಬಿಕ್ಕಿಯಾಗಿ ಕೂರುತ್ತಾರಲ್ಲ, ನಗು ಅಲ್ಲಿ ಹುಟ್ಟುತ್ತದೆ. ‘ಮುಂಗಾರು ಮಳೆ’ಯ (2006) ಪೋಲಿ ಪ್ರೀತಂ ನಮಗೆ ಹಿಡಿಸುವುದಕ್ಕೂ ಅವನ ಅಮ್ಮನ ಸಲುಗೆಯ ಪಾಲಿದೆ.

ಇಷ್ಟಾದರೂ ನೋಡಲೇಬೇಕೆಂದರೆ ಜೆಂಕಿನ್ಸ್‌ಗಾಗಿ ನೋಡಿ. ತರಬೇತಿಗೆಂದು ಊರು ಬಿಟ್ಟು ಇಲ್ಲಿನ ಇನ್ಫೋಸಿಸ್ ಕ್ಯಾಂಪಸ್ಸಿಗೆ ಬಂದಿರುವ ಹುಡುಗರು ಗುಂಪಿನಲ್ಲಿ ಕೂತರೆ ಒಂದಿಷ್ಟು ನಕ್ಕಾರು. ಅಪ್ಪ-ಅಮ್ಮನ ಜೊತೆ ಇರುವವರು ಮಾತ್ರ ಹಾಲಿನ ಟಿವಿಯಲ್ಲಿ ಹಾಕಬೇಡಿ, ಹೆಜ್ಜೆಗೊಂದು ಬೈಗುಳವಿದೆ. ರಾತ್ರಿ ಊಟಕ್ಕೆ ಅವರೆದುರೇ ಕೂರಬೇಕು.