ಚೀಟಿಯ ಹಣಕ್ಕೆ ದಾನದ ಹೆಸರು



ಸರ್ಕಾರಿ ಲಾಟರಿಯನ್ನು ಸಮರ್ಥಿಸುವವರು ಅದರ ಬಹುಮಾನಕ್ಕಿಂತ ಅದರಿಂದ ನಡೆಯುವ ಸತ್ಕಾರ್ಯಗಳನ್ನೇ ಮುಂದಿಡುತ್ತಾರೆ. ರೋಗಿಗೆ ಔಷಧ, ವೃದ್ಧ ಕಲಾವಿದನಿಗೆ ಮಾಸಾಶನ, ಅನಾಥಾಲಯಕ್ಕೆ ಅನುದಾನ ದೊರೆಯುವಾಗ ಆ ಹಣ ಬಂದ ದಾರಿಯನ್ನು ಏಕೆ ಕೆದಕಬೇಕು ಎಂಬುದು ಅವರ ವಾದ. ಬೊಕ್ಕಸ ಬರಿದಾದಾಗಲೆಲ್ಲ ತಲೆಯೆತ್ತುವ ಈ ವಾದವನ್ನು ತಾವು ಸಾವಧಾನದಿಂದ ಪರಿಶೀಲಿಸಬೇಕೆಂದು ವಿನಂತಿ.

ನಮ್ಮ ರಾಜ್ಯದಲ್ಲಿ 2007ರಿಂದ ಲಾಟರಿ ಇಲ್ಲ. ಅಂದಿನ ಸರ್ಕಾರ ಹೊರರಾಜ್ಯಗಳ ಟಿಕೇಟುಗಳೊಂದಿಗೆ ತನ್ನದೇ ಲಾಟರಿಯನ್ನೂ ನಿಲ್ಲಿಸಿತು. ಅದಕ್ಕೆ ಕಾರಣವಿತ್ತು. ಕೇಂದ್ರದ 1998ರ ಲಾಟರಿ ನಿಯಂತ್ರಣ ಕಾಯಿದೆಯ 5ನೆಯ ಕಲಮಿನಂತೆ ಒಂದು ರಾಜ್ಯ ಇತರ ರಾಜ್ಯಗಳ ಟಿಕೇಟನ್ನು ನಿಷೇಧಿಸಬಹುದು. ಆದರೆ ತಾನೇ ಲಾಟರಿ ನಡೆಸುತ್ತಿರುವ ರಾಜ್ಯಕ್ಕೆ ಆ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟು 1999ರಲ್ಲಿ ಸ್ಪಷ್ಟಪಡಿಸಿತು. ಸರ್ಕಾರವೇ ನಡೆಸಿದರೂ ಲಾಟರಿ ಜೂಜೇ ಎಂದೂ ಅದೇ ತೀರ್ಪು ಹೇಳಿತು. ಅದೇ 1998ರ ಕಾಯಿದೆ, ಟಿಕೇಟಿನ ಹಣ ರಾಜ್ಯದ ಸಾರ್ವಜನಿಕ ಲೆಕ್ಕಕ್ಕೆ ಜಮೆಯಾಗಬೇಕೆನ್ನುತ್ತದೆಯೇ ಹೊರತು ಕಲೆಗೆ ಇಷ್ಟು, ದಾನಕ್ಕೆ ಇಷ್ಟು ಎಂದು ವಿಧಿಸುವುದಿಲ್ಲ.

ಆದರೆ ನೆರೆಯ ಕೇರಳದ ದಾರಿ ಬೇರೆ. 1967ರಲ್ಲಿ ಲಾಟರಿ ಇಲಾಖೆಯನ್ನೇ ತೆರೆದ ಆ ರಾಜ್ಯ 2011ರಲ್ಲಿ 'ಕಾರುಣ್ಯ' ಎಂಬ ಲಾಟರಿಯನ್ನು ಆರಂಭಿಸಿ, ಅದರ ಆದಾಯದಿಂದ ಬಡವರ ಕ್ಯಾನ್ಸರ್, ಹೃದ್ರೋಗ, ಮೂತ್ರಪಿಂಡದ ಕಾಯಿಲೆಗಳ ಚಿಕಿತ್ಸೆಗೆ ನೆರವು ನೀಡಿತು. ಹಾಗೆ ಉಳಿದ ಜೀವಗಳನ್ನು ಹಗುರವಾಗಿ ಕಾಣುವುದು ಅನ್ಯಾಯ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಆ ಚಿಕಿತ್ಸೆಯ ವೆಚ್ಚವನ್ನು ಭರಿಸಿದವರು ಯಾರು? 2022ರ ಓಣಂ ಬಂಪರ್ ಟಿಕೇಟಿನ ಬೆಲೆ 500 ರೂಪಾಯಿ, ಪ್ರಥಮ ಬಹುಮಾನ 25 ಕೋಟಿ. ಇಪ್ಪತ್ತೈದು ಕೋಟಿ ಈಗಾಗಲೇ ಉಳ್ಳವನಿಗೆ ಈ ಚೀಟಿಯ ಅಗತ್ಯವಿಲ್ಲ. ಮಗಳ ಮದುವೆ, ಸಾಲದ ಬಡ್ಡಿ, ಸೋರುವ ಮಾಡು ಇವು ಕಾಡುವವನೇ ಅದನ್ನು ಕೊಳ್ಳುತ್ತಾನೆ. ಬಡ ರೋಗಿಗೆ ಕೊಟ್ಟ ಹಣದ ಬಹುಪಾಲು ಇನ್ನೊಬ್ಬ ಬಡವನ ಜೇಬಿನಿಂದ ಬಂದದ್ದು.

ಬ್ರಿಟನ್ನಿನ ಅನುಭವವೂ ಇಲ್ಲಿ ಪಾಠವಾಗಬಲ್ಲದು. 1994ರಲ್ಲಿ ಆರಂಭವಾದ ಅಲ್ಲಿಯ ರಾಷ್ಟ್ರೀಯ ಲಾಟರಿ ಕಲೆ, ಕ್ರೀಡೆ, ಪರಂಪರೆ, ದಾನಸಂಸ್ಥೆಗಳಿಗೆ ಪಾಲನ್ನು ಕಾನೂನಿನಲ್ಲೇ ನಿಗದಿಪಡಿಸಿತು. ಮರುವರ್ಷವೇ ಲಂಡನ್ನಿನ ರಾಯಲ್ ಒಪೆರಾ ಹೌಸಿಗೆ ಸುಮಾರು 7.8 ಕೋಟಿ ಪೌಂಡ್ ಮಂಜೂರಾದಾಗ, ಬಡವರ ಚೀಟಿಯ ಹಣದಿಂದ ಸಿರಿವಂತರ ರಂಗಮಂದಿರ ಸಿಂಗಾರಗೊಳ್ಳುತ್ತಿದೆ ಎಂಬ ಆಕ್ಷೇಪ ಎದ್ದಿತು. ಈ ಹಣ ಸರ್ಕಾರದ ಖರ್ಚಿಗೆ ಪೂರಕವಾಗಿರಬೇಕೇ ಹೊರತು ಬದಲಿಯಾಗಬಾರದೆಂಬ ತತ್ವ ಅಲ್ಲಿತ್ತು. ಆದರೆ 1998ರಲ್ಲಿ ಆರೋಗ್ಯ, ಶಿಕ್ಷಣಗಳಿಗೂ ಲಾಟರಿ ಹಣ ಹರಿಯತೊಡಗಿದಾಗ ಆ ಗೆರೆ ಮಸುಕಾಯಿತೆಂದು ಟೀಕಾಕಾರರು ಎಚ್ಚರಿಸಿದರು.

ನಮ್ಮ ಶಿಗ್ಗಾವಿ ಸೀಮೆಯನ್ನೇ ನೋಡಿ. ತಡಸದಿಂದ ದೂರವಿಲ್ಲದ ಶಿಶುನಾಳ ಷರೀಫರ ತತ್ವಪದಗಳಿಗೆ ತವರು. ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವಿದೆ. ದೊಡ್ಡಾಟದ ಮೇಳಕ್ಕೂ ಭಜನೆಯ ತಂಡಕ್ಕೂ ಸರ್ಕಾರದ ನೆರವು ಬೇಕು, ನಿಜ. ಆ ನೆರವು ತೆರಿಗೆಯಿಂದ ಬಂದರೆ ಉಳ್ಳವನು ಹೆಚ್ಚು, ಇಲ್ಲದವನು ಕಡಿಮೆ ಕೊಡುವಂತೆ ಮಾಡುವ ಅವಕಾಶವಾದರೂ ಇದೆ. ಅದು ಸಾಲದಿದ್ದಾಗ ಶಾಸಕರನ್ನು ಕೇಳುವ ಹಕ್ಕು ಕಲಾವಿದನಿಗಿರುತ್ತದೆ. ಲಾಟರಿಯಿಂದ ಬಂದರೆ, ತಡಸದ ದಿನಗೂಲಿಯವನು ಎಷ್ಟು ಸಲ ಸೋತನೆಂಬುದರ ಮೇಲೆ ದೊಡ್ಡಾಟದ ಅನುದಾನ ನಿಲ್ಲುತ್ತದೆ. ನಿಧಿ ಬೆಳೆಯಬೇಕಾದರೆ ಅವನು ಇನ್ನಷ್ಟು ಸೋಲಬೇಕು. ಪ್ರಜೆಯ ಸೋಲಿನಲ್ಲಿ ಸರ್ಕಾರಕ್ಕೆ ಲಾಭವಿರುವ ನೀತಿ ಎಷ್ಟೇ ಸತ್ಕಾರ್ಯ ಮಾಡಿದರೂ ನೀತಿಯೆನಿಸಲಾರದು.

ಸಂತ ಮತ್ತಾಯನ ಶುಭಸಂದೇಶದ ಒಂದು ಪ್ರಸಂಗ ತಮಗೆ ತಿಳಿದದ್ದೇ. ಯೂದನು ಎಸೆದುಹೋದ ಮೂವತ್ತು ಬೆಳ್ಳಿ ನಾಣ್ಯಗಳು ದೇವಾಲಯದ ಭಂಡಾರಕ್ಕೆ ಸಲ್ಲವೆಂದು ಮುಖ್ಯಯಾಜಕರು ತೀರ್ಮಾನಿಸಿ, ಪರಸ್ಥಳದವರ ಸ್ಮಶಾನಕ್ಕಾಗಿ ಕುಂಬಾರನ ಹೊಲವನ್ನು ಕೊಂಡರು. ಉದ್ದೇಶ ಉಪಕಾರದ್ದೇ ಆಗಿತ್ತು. ಜನ ಮಾತ್ರ ಅದನ್ನು 'ರಕ್ತದ ಹೊಲ' ಎಂದೇ ಕರೆದರು. ಲಾಟರಿಯ ಹಣವನ್ನು ರಕ್ತದ ಬೆಲೆಗೆ ಸಮನೆನ್ನುವುದು ಅತಿಯಾದೀತು. ಆದರೂ ಉಪಯೋಗ ಒಳ್ಳೆಯದಾದ ಮಾತ್ರಕ್ಕೆ ಹಣದ ಮೂಲ ಮರೆಯಾಗುವುದಿಲ್ಲವೆಂಬುದನ್ನು ಅಂದಿನ ಸಾಮಾನ್ಯ ಜನರೂ ಬಲ್ಲವರಾಗಿದ್ದರು.

ಸರ್ಕಾರಕ್ಕೆ ಹೇಳುವ ಈ ಮಾತು ನಮ್ಮ ಅಂಗಳಕ್ಕೂ ಸಲ್ಲುತ್ತದೆ. ಗಣೇಶೋತ್ಸವದ ಚಪ್ಪರದಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ನಮ್ಮ ಚರ್ಚುಗಳ ಹಬ್ಬದಲ್ಲಿಯೂ 'ಲಕ್ಕಿ ಡಿಪ್' ಚೀಟಿಗಳು ಹಂಚಿಕೆಯಾಗುತ್ತವೆ. ಕಟ್ಟಡ ನಿಧಿಗಾಗಿ, ಬಡ ಮಕ್ಕಳ ಶುಲ್ಕಕ್ಕಾಗಿ ಎಂಬ ಸಮಾಧಾನ ಇಲ್ಲೂ ಸಿದ್ಧವಾಗಿರುತ್ತದೆ. ಬಹುಮಾನದ ಆಸೆ ತೋರಿಸದೆ ಕೇಳಿದರೆ ಜನ ಕೊಡುವುದಿಲ್ಲವೆಂದು ನಾವು ಏಕೆ ಭಾವಿಸಬೇಕು? ಮುಂದಿನ ಹಬ್ಬಕ್ಕೆ ಚೀಟಿಯ ಪುಸ್ತಕ ತಮ್ಮ ಮನೆಗೆ ಬಂದಾಗ, ಹತ್ತು ರೂಪಾಯಿಯನ್ನು ಕಾಣಿಕೆಯೆಂದು ನೀಡಿ, ಚೀಟಿ ಹರಿಯುವುದು ಬೇಡವೆಂದು ತಿಳಿಸಿ. ಸರ್ಕಾರವನ್ನು ಪ್ರಶ್ನಿಸುವ ನೈತಿಕ ಬಲ ಆಗ ನಮಗೆ ತಾನಾಗಿಯೇ ಬಂದೀತು.