ರಾತ್ರಿ ಪಾಳಿ ಯಾರದು?

ಆನ್-ಕಾಲ್ ಮಾಡಿದವರಿಗೆ ಗೊತ್ತಿರುತ್ತೆ: ಅಲರ್ಟ್ ಬಂದರೆ, ಬಂದವರ ಕೈಲಿ ಏನಾದರೂ ಮಾಡೋಕೆ ಆಗಬೇಕು. ಇಲ್ಲದಿದ್ದರೆ ಅದು ಬರೀ ಗಲಾಟೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗಾಗಿ ಬೆಂಗಳೂರಿನಲ್ಲೇ ರೂಪುಗೊಂಡ ‘ಬೆಂಪು’ ನನಗೆ ಇಷ್ಟವಾಗಿದ್ದು ಇದೇ ಕಾರಣಕ್ಕೆ. (ತಂಪು ಅಂತ ಓದಬೇಡಿ, ಕೆಲಸ ತದ್ವಿರುದ್ಧ.)

ರತುಲ್ ನರೈನ್ ಅವರ ಕಂಪನಿ ಮಾಡಿದ ಪುಟ್ಟ ಕೈಪಟ್ಟಿ ಅದು. ಮಗುವಿನ ಮೈ ಬೆಚ್ಚಗಿದ್ದರೆ ಆಗಾಗ ನೀಲಿ ದೀಪ ಮಿನುಗುತ್ತೆ. ತಣ್ಣಗಾದರೆ ಕಿತ್ತಳೆ ದೀಪ, ಜೊತೆಗೆ ಬೀಪ್. ಅಷ್ಟೇ. ಪರದೆ ಇಲ್ಲ, ಚಾರ್ಜ್ ಮಾಡೋ ಗೋಜಿಲ್ಲ, ಸುಮಾರು ನಾಲ್ಕು ವಾರ ಬಾಳಿಕೆ. ಐಸಿಯು ಮಾನಿಟರ್ ಕೂಗಿದರೆ ಪಕ್ಕದಲ್ಲಿ ಕೂತ ತಾಯಿಗೆ ಎದೆ ಝಲ್ಲೆನ್ನುತ್ತೆ, ಆದರೆ ಅವಳು ಮಾಡುವಂಥದ್ದು ಏನೂ ಇಲ್ಲ. ಬೆಂಪು ಕೂಗಿದರೆ ಇದೆ: ಮಗುವನ್ನು ಬರಿ ಎದೆಗೆ ಅಪ್ಪಿಕೊಂಡು ಮೇಲೆ ಹೊದ್ದುಕೊಳ್ಳೋದು.

2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ಲಾಸೊಂದರಲ್ಲಿ ಶುರುವಾಗಿ ಭಾರತಕ್ಕೆ ಬಂದ ‘ಎಂಬ್ರೇಸ್’ ಬೇರೆ ಥರ. ಮೇಣದಂಥ ವಸ್ತು ತುಂಬಿದ ಚೀಲವನ್ನು ಕಾಯಿಸಿ ಇಟ್ಟರೆ, ಕರೆಂಟಿಲ್ಲದೆ ಕೆಲವು ಗಂಟೆ ಕೂಸನ್ನು ಬೆಚ್ಚಗಿಡುತ್ತೆ. ನಮ್ಮ ಶ್ರವಣಬೆಳಗೊಳದ ಕಡೆಯಿಂದ ಹಾಸನಕ್ಕೆ ಸುಮಾರು 50 ಕಿ.ಮೀ. ಕೂಸನ್ನು ಸಾಗಿಸೋವಾಗ ಅಂಥ ಚೀಲ ಚಿನ್ನ. ಬೆಂಪುಗೆ ತನ್ನದು ಅಂತ ಶಾಖವೇ ಇಲ್ಲ, ಎಲ್ಲಾ ಅಮ್ಮನದೇ.

ನನ್ನ ತಕರಾರೂ ಅಲ್ಲೇ. ಇಂಥ ಮಕ್ಕಳಿಗೆ ದಿನಕ್ಕೆ 8ರಿಂದ 24 ಗಂಟೆ ಕಾಂಗರೂ ಆರೈಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಹೊಲಿಗೆ ಮಾಗದ, ಎರಡೆರಡು ಗಂಟೆಗೆ ಹಾಲೂಡಿಸೋ ಬಾಣಂತಿ ಒಬ್ಬಳಿಂದ ಇದು ಆಗೋ ಲೆಕ್ಕವಾ? ನಾವು ಒಂದು ವಾರ ಆನ್-ಕಾಲ್ ಮಾಡಿ ಕಾಂಪ್-ಆಫ್ ಕೇಳ್ತೀವಿ. ಅವಳದು ನಾಲ್ಕು ವಾರ, ಬ್ಯಾಕಪ್ ಇಲ್ಲ.

ಅಪ್ಪನ ಎದೆಯೂ ಬಿಸಿಯೇ, ಅಜ್ಜಿಯದೂ. ಆದರೆ ನಮ್ಮ ಕಡೆ ಮೊದಲ ಹೆರಿಗೆ ತವರಲ್ಲಿ. ಅಪ್ಪ ಅನ್ನಿಸಿಕೊಂಡವನು ಭಾನುವಾರ ಸೇಬು ಹಿಡಿದು ಬಂದು, ಬಾಣಂತಿ ಕೋಣೆಯ ಬಾಗಿಲಲ್ಲೇ ನಿಂತು ಇಣುಕಿ ಹೋಗ್ತಾನೆ.

ಇದು ಕೈಪಟ್ಟಿಯ ತಪ್ಪಾ ಅಂದರೆ, ಪೂರ್ತಿ ಅಲ್ಲ. ಆದರೆ ಬೀಪ್ ಯಾರಿಗೆ ಕೇಳಿಸಬೇಕು ಅನ್ನೋದೂ ಡಿಸೈನೇ. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟೋ ದಿನವೇ ಅಪ್ಪನ ಅಂಗಿ ಬಿಚ್ಚಿಸಿ, ಕುಲಾವಿ ಹಾಕಿದ ಕೂಸನ್ನು ಅವನೆದೆಗೆ ಕೊಟ್ಟು ಒಂದು ಗಂಟೆ ಕೂರಿಸಬೇಕು. ಅಲ್ಲಿ ಕೂತವನು ಆಮೇಲೆ ಮಾವನ ಮನೆಗೆ ಸೇಬಿನ ಜೊತೆ ಹಾಸಿಗೆನೂ ಹೊತ್ಕೊಂಡು ಹೋದಾನು.