ಚಿತ್ರದಲ್ಲಿಲ್ಲದ ತಂತಿ

ಬೆಳಗಿನ ಹೊತ್ತು 40 ಮೀಟರ್ ಬ್ಯಾಂಡಿನಲ್ಲಿ, ಅಂದರೆ ನಮ್ಮಲ್ಲಿ 7.0ರಿಂದ 7.2 ಮೆಗಾಹರ್ಟ್ಸ್‌ವರೆಗಿನ ಜಾಗದಲ್ಲಿ, ಹ್ಯಾಮ್‌ಗಳ (ಹವ್ಯಾಸಿ ರೇಡಿಯೊ ನಡೆಸುವವರ) ಮಾತುಕತೆ ಕೇಳುತ್ತ ಕೂತರೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: 'ಫೈವ್ ನೈನ್, ಆಡಿಯೊ ತುಂಬ ಚೆನ್ನಾಗಿದೆ.' ಐದು ಎಂದರೆ ಮಾತು ಪೂರ್ತಿ ಅರ್ಥವಾಗುತ್ತಿದೆ, ಒಂಬತ್ತು ಎಂದರೆ ಸಿಗ್ನಲ್ ಬಲವಾಗಿದೆ. ಎದುರಿನವರ ದನಿ ಅಕ್ಷರಕ್ಷರಕ್ಕೂ ಒಡೆಯುತ್ತಿದ್ದರೂ ಹಲವರು ಇದನ್ನೇ ಹೇಳುತ್ತಾರೆ. ಅದು ಸೌಜನ್ಯ, ಒಪ್ಪುತ್ತೇನೆ. ಆದರೆ ತನ್ನ ಕೈಯಾರೆ ಬೆಸುಗೆ ಹಾಕಿದ ರಿಗ್‌ನಿಂದ, ಅಂದರೆ ರೇಡಿಯೊ ಸೆಟ್ಟಿನಿಂದ, ಮೊದಲ ಸಲ ಮಾತಾಡುತ್ತಿರುವವನಿಗೆ ಆ ಸೌಜನ್ಯದಿಂದ ನಷ್ಟವೇ ಹೆಚ್ಚು. ಅವನಿಗೆ ಬೇಕಿರುವುದು ನಿಜವಾದ ವರದಿ: 'ಕೇಳಿಸುತ್ತಿದೆ, ಆದರೆ ದನಿ ಏರಿಸಿದಾಗಲೆಲ್ಲ ಗೊರಗೊರ ಅನ್ನುತ್ತಿದೆ, ಆರ್‌ಎಫ್ ವಾಪಸ್ ಬರುತ್ತಿರಬಹುದು, ನೋಡಿ.' ಇಷ್ಟು ಹೇಳಿದರೆ ಅವನ ಒಂದು ವಾರದ ಕೆಲಸಕ್ಕೆ ದಿಕ್ಕು ಸಿಗುತ್ತದೆ.

ಮನೆಯಲ್ಲೇ ರಿಗ್ ಕಟ್ಟುವ ಹವ್ಯಾಸ ಭಾರತದಲ್ಲಿ ಇಂದು ಇಷ್ಟು ಜೀವಂತವಾಗಿರುವುದಕ್ಕೆ ಹೈದರಾಬಾದಿನ ಅಶ್ಹರ್ ಫರ್ಹಾನ್, ಕಾಲ್‌ಸೈನ್ ವಿಯು2ಇಎಸ್‌ಇ, ದೊಡ್ಡ ಕಾರಣ. ಈ ಶತಮಾನದ ಮೊದಲ ದಶಕದಲ್ಲಿ ಅವರು ಬಿಟ್‌ಎಕ್ಸ್20 ಎಂಬ ಸರ್ಕ್ಯೂಟನ್ನು ಎಲ್ಲರಿಗೂ ತೆರೆದಿಟ್ಟರು. ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನಿನಲ್ಲೇ ಕಟ್ಟಬೇಕೆಂಬ ಹಟ ಅದರಲ್ಲಿತ್ತು. ಟೊರಾಯ್ಡ್ (ತಂತಿ ಸುತ್ತುವ ಬಳೆ) ಸಿಗದಿದ್ದರೆ ನಲ್ಲಿಯ ವಾಷರ್ ಮೇಲೆ ತಂತಿ ಸುತ್ತಿ ಎಂದರು. ಅದರ ಔಟ್‌ಪುಟ್ ಹಂತದಲ್ಲಿರುವ ಐಆರ್‌ಎಫ್510 ಎಂಬ ಮಾಸ್‌ಫೆಟ್ ಮೂಲತಃ ರೇಡಿಯೊಗಾಗಿ ಹುಟ್ಟಿದ್ದೇ ಅಲ್ಲ, ಸ್ವಿಚಿಂಗ್ ಕೆಲಸಕ್ಕಾಗಿ ಬಂದದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸಂಜೆ ಅಲೆದರೆ ಇಂಥ ರಿಗ್‌ಗೆ ಬೇಕಾದ್ದು ಬಹುಪಾಲು ಕೂಡಿಬರುತ್ತದೆ. ಕಟ್ಟಿ ಮುಗಿಸಿ, ರಿಸೀವರ್ ಉಲಿಯುವುದನ್ನು ಕೇಳಿ, ಪಿಟಿಟಿ ಎಂಬ ಮಾತಿನ ಗುಂಡಿ ಒತ್ತಿ ಮಾತಾಡಿದ ಮೇಲೆ ನಿಜವಾದ ಪಾಠ ಶುರುವಾಗುತ್ತದೆ.

ಆರ್‌ಎಫ್ ಎಂದು ನಾವು ಕರೆಯುವುದು ರೇಡಿಯೊ ಆವರ್ತನದ ವಿದ್ಯುತ್ತನ್ನು. ಅದು ಆಂಟೆನಾದ ಮೂಲಕ ಹೊರಗೆ ಹೋಗಬೇಕು. ಹಾಗೆ ಹೋಗಬೇಕಾದ್ದು ತಿರುಗಿ ಬಂದು ರಿಗ್‌ನ ಒಳಗೇ ಹೊಕ್ಕರೆ ಚಿಹ್ನೆಗಳು ಕಾಣಿಸಿಕೊಳ್ಳುತ್ತವೆ. ದನಿ ಒಡೆಯುತ್ತದೆ. ಮಾತು ನಿಲ್ಲಿಸಿದರೂ ಪವರ್ ಮೀಟರಿನ ಮುಳ್ಳು ಕೆಳಗಿಳಿಯುವುದಿಲ್ಲ. ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ದನಿಯ ಬಣ್ಣವೇ ಬದಲಾಗುತ್ತದೆ. ಡಿಸ್‌ಪ್ಲೇ ತಡವರಿಸುತ್ತದೆ, ಕೆಲವೊಮ್ಮೆ ಕಂಟ್ರೋಲರ್ ರೀಸೆಟ್ ಆಗಿಬಿಡುತ್ತದೆ.

ಇದು ಯಾಕೆ ಇಷ್ಟು ಸುಲಭವಾಗಿ ಆಗುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. 10 ವಾಟ್ ಪವರ್ 50 ಓಮ್ ಲೋಡಿಗೆ ಹೋಗುವಾಗ ಆಂಟೆನಾ ಸಾಕೆಟ್ಟಿನಲ್ಲಿ ಸುಮಾರು 22 ವೋಲ್ಟ್ ಇರುತ್ತದೆ. ಅದೇ ಪೆಟ್ಟಿಗೆಯಲ್ಲಿ, ಅಲ್ಲಿಂದ ಒಂದು ಗೇಣು ದೂರದಲ್ಲಿ, ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಸಾವಿರಾರು ಪಟ್ಟು ವ್ಯತ್ಯಾಸ. 22 ವೋಲ್ಟಿನ ಒಂದು ಚೂರು ಸೋರಿ ಮೈಕಿನ ದಾರಿಗೆ ಬಿದ್ದರೂ ಅಲ್ಲಿ ಅದೇ ದೊಡ್ಡದು. 7 ಮೆಗಾಹರ್ಟ್ಸ್ ನಮ್ಮ ಕಿವಿಗೆ ಕೇಳಿಸುವುದಿಲ್ಲ, ಆಡಿಯೊ ಆಂಪ್ಲಿಫೈಯರ್ ಅದನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಕೇಳಬಹುದು. ಟ್ರಾನ್ಸಿಸ್ಟರಿನ ಪ್ರತಿಯೊಂದು ಜಂಕ್ಷನ್ನೂ ಒಂದು ಡಯೋಡ್. ಹಳೆಯ ಕ್ರಿಸ್ಟಲ್ ರೇಡಿಯೊದಲ್ಲಿ ಡಯೋಡ್ ಮಾಡುತ್ತಿದ್ದ ಕೆಲಸವನ್ನೇ ಅದು ಇಲ್ಲೂ ಮಾಡುತ್ತದೆ: ಆರ್‌ಎಫ್‌ನ ಏರಿಳಿತವನ್ನು ಬಿಡಿಸಿ ಆಡಿಯೊ ಮಾಡಿಬಿಡುತ್ತದೆ. ಎಲೆಕ್ಟ್ರೆಟ್ ಮೈಕಿನ ಗುಂಡಿಯೊಳಗೇ ಫೆಟ್ ಎಂಬ ಒಂದು ಟ್ರಾನ್ಸಿಸ್ಟರ್ ಇರುವುದರಿಂದ ಎಷ್ಟೋ ಸಲ ಕೆಲಸ ಕೆಡುವುದು ಮೈಕಿನ ಒಳಗೇ, ರಿಗ್‌ಗೆ ತಲುಪುವ ಮೊದಲೇ.

ಇಂಥ ತೊಂದರೆ ಹೇಳಿಕೊಂಡವರಿಗೆ ಸಿಗುವ ಮೊದಲ ಸಲಹೆ 'ಫೆರೈಟ್ ಹಾಕಿ ನೋಡಿ', ಎರಡನೆಯದು 'ಒಂದು ಒಳ್ಳೆ ಅರ್ತ್ ಕೊಡಿ.' ಎರಡೂ ತಪ್ಪಲ್ಲ, ಆದರೆ ಮೊದಲ ಹೆಜ್ಜೆಯಾಗಿ ಎರಡೂ ಬೇಡ. ದಾರಿ ಯಾವುದೆಂದು ತಿಳಿಯುವ ಮೊದಲೇ ಕೆಪಾಸಿಟರ್, ಫೆರೈಟ್ ಮಣಿ ತುಂಬುತ್ತ ಹೋದರೆ ಒಂದು ದಿನ ಸರಿಹೋಗುತ್ತದೆ, ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ. ಮಳೆಗಾಲ ಬಂದು ಆಂಟೆನಾ ತುಸು ಜೋತುಬಿದ್ದರೆ ಮತ್ತೆ ಮೊದಲಿನ ಗತಿ.

ಮೊದಲ ಹೆಜ್ಜೆ ಡಮ್ಮಿ ಲೋಡ್, ಅಂದರೆ ಆಂಟೆನಾದ ಬದಲಿಗೆ ಪವರನ್ನು ನುಂಗುವ ರೆಸಿಸ್ಟರ್. 1 ಕಿಲೊ ಓಮ್‌ನ 2 ವಾಟ್ ಕಾರ್ಬನ್ ಫಿಲ್ಮ್ ರೆಸಿಸ್ಟರ್ 20 ತಂದು ಸಮಾಂತರವಾಗಿ ಬೆಸೆದರೆ 50 ಓಮ್ ಆಗುತ್ತದೆ, 40 ವಾಟ್ ತಡೆಯುತ್ತದೆ. ತಂತಿ ಸುತ್ತಿದ ರೆಸಿಸ್ಟರ್ ಮಾತ್ರ ಬೇಡ, ಆರ್‌ಎಫ್‌ಗೆ ಅದು ಕಾಯಿಲ್. ಆಂಟೆನಾ ಬಿಚ್ಚಿ, ಇದನ್ನು ಹಾಕಿ, ಪಕ್ಕದ ಕೋಣೆಯಲ್ಲಿ ಇನ್ನೊಂದು ರಿಸೀವರ್ ಇಟ್ಟು ಹೆಡ್‌ಫೋನಿನಲ್ಲಿ ನಿಮ್ಮ ದನಿಯನ್ನು ನೀವೇ ಕೇಳಿ. ದನಿ ತಿಳಿಯಾಗಿದ್ದು, ಆಂಟೆನಾ ಹಾಕಿದ ಕೂಡಲೇ ಕೆಟ್ಟರೆ ದೋಷ ಬೋರ್ಡಿನಲ್ಲಿ ಹುಟ್ಟುತ್ತಿಲ್ಲ, ಆರ್‌ಎಫ್ ಹೊರಗಿನಿಂದ ಮರಳಿ ಬರುತ್ತಿದೆ. ಡಮ್ಮಿ ಲೋಡಿನಲ್ಲೂ ಕೆಟ್ಟರೆ ಪೆಟ್ಟಿಗೆ ಬಿಚ್ಚಬೇಕು. ಹುಡುಕಾಟದ ಅರ್ಧ ಈ ಒಂದು ಪರೀಕ್ಷೆಯಲ್ಲೇ ಮುಗಿಯುತ್ತದೆ. ಇದನ್ನು ಮಾಡದೆ ಐಆರ್‌ಎಫ್510 ಬದಲಾಯಿಸುತ್ತ ಕೂತವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಬೆಂಗಳೂರಿನ ಒಬ್ಬ ಯುವ ಹ್ಯಾಮ್‌ನ ಮನೆಯಲ್ಲಿ ನೋಡಿದ್ದನ್ನು ಹೇಳಬೇಕು. ಶ್ಯಾಕ್, ಅಂದರೆ ರೇಡಿಯೊ ಇಟ್ಟ ಜಾಗ, ಮೂರನೇ ಮಹಡಿಯ ಮೂಲೆಯ ಕೋಣೆ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದ ಪೈಪಿಗೆ ಕಟ್ಟಿದ ಇನ್ವರ್ಟೆಡ್ ವಿ ಆಕಾರದ ಡೈಪೋಲ್ ಆಂಟೆನಾ, ಎರಡೂ ಕಾಲು ಸುಮಾರು ಹತ್ತತ್ತು ಮೀಟರ್. 'ಸರ್, ಮೈಕ್ ತುಟಿಗೆ ತಾಗಿದ್ರೆ ಚುರ್ ಅನ್ನತ್ತೆ, ದನಿ ಪೂರ್ತಿ ಒಡೀತಿದೆ ಅಂತಾರೆ. ಅರ್ತ್ ಚೆನ್ನಾಗೇ ಕೊಟ್ಟಿದ್ದೀನಿ' ಎಂದ. ಕೊಟ್ಟಿದ್ದು ನಿಜ. ತೋಟದಲ್ಲಿ ತಾಮ್ರದ ಸರಳು ನೆಟ್ಟು, ಉಪ್ಪು ಇದ್ದಿಲು ಹಾಕಿ, ಅಲ್ಲಿಂದ ದಪ್ಪ ತಂತಿಯನ್ನು ಗೋಡೆಗುಂಟ ಮೇಲಕ್ಕೆ ತಂದು ರಿಗ್‌ಗೆ ಕಟ್ಟಿದ್ದ. ಅಚ್ಚುಕಟ್ಟಾದ ಕೆಲಸ. ಆದರೆ ಆ ತಂತಿಯ ಉದ್ದ ಹೆಚ್ಚುಕಡಿಮೆ ಹತ್ತು ಮೀಟರ್.

7.1 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ 42 ಮೀಟರ್, ಅದರ ಕಾಲು ಭಾಗ ಹತ್ತೂವರೆ. ಕಾಲು ಅಲೆ ಉದ್ದದ ತಂತಿಗೆ ಒಂದು ಗುಣವಿದೆ: ಒಂದು ತುದಿಯನ್ನು ನೆಲಕ್ಕೆ ಕಟ್ಟಿದರೆ ಇನ್ನೊಂದು ತುದಿ ನೆಲಕ್ಕೆ ಸೇರಿಯೇ ಇಲ್ಲವೇನೋ ಎಂಬಂತೆ ವರ್ತಿಸುತ್ತದೆ. ಮನೆಯ ಕರೆಂಟಿನ 50 ಹರ್ಟ್ಸ್‌ಗೆ ಅದು ಒಳ್ಳೆಯ ಅರ್ತ್. ಅದೇ ತಂತಿ 7 ಮೆಗಾಹರ್ಟ್ಸ್‌ಗೆ ರಿಗ್‌ನ ಕಡೆ ಸಾವಿರಾರು ಓಮ್ ತೋರಬಲ್ಲದು. ಅವನ ರಿಗ್‌ನ ಲೋಹದ ಪೆಟ್ಟಿಗೆ ಆರ್‌ಎಫ್‌ನ ಮಟ್ಟಿಗೆ ಗಾಳಿಯಲ್ಲಿ ತೇಲುತ್ತಿತ್ತು. ತುಟಿಗೆ ಚುರುಗುಟ್ಟಿದ್ದು ಅದೇ. ಎಷ್ಟು ಆಳಕ್ಕೆ ಸರಳು ನೆಟ್ಟಿದ್ದರೂ ಇದು ಬದಲಾಗುತ್ತಿರಲಿಲ್ಲ. (ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಬೇರೆ ವಿಷಯ. ಅದು ಜೀವ ಕಾಯುವುದಕ್ಕೆ ಇರುವಂಥದ್ದು, ಯಾವ ಕಾರಣಕ್ಕೂ ಬಿಚ್ಚಬಾರದು.)

ಪೆಟ್ಟಿಗೆಯ ತನಕ ಆರ್‌ಎಫ್ ಬಂದದ್ದಾದರೂ ಹೇಗೆ? ಕೇಬಲ್ಲಿನ ಹೊರಮೈ ಹಿಡಿದು. ಕೋಆಕ್ಸ್ ಕೇಬಲ್ಲಿನ ಹೆಣೆದ ತಾಮ್ರದ ಜಾಲರಿಯನ್ನು ನಾವು ಒಂದೇ ತಂತಿ ಎಂದು ಎಣಿಸುತ್ತೇವೆ. ಈ ಆವರ್ತನದಲ್ಲಿ ವಿದ್ಯುತ್ತು ತಾಮ್ರದ ಮೇಲ್ಪದರದಲ್ಲಷ್ಟೇ ಹರಿಯುತ್ತದೆ, ಆ ಪದರದ ಆಳ ಒಂದು ಮಿಲಿಮೀಟರಿನ ನಲವತ್ತನೇ ಒಂದು ಭಾಗ. ಹಾಗಾಗಿ ಜಾಲರಿಯ ಒಳಮೈ ಒಂದು ತಂತಿ, ಹೊರಮೈ ಇನ್ನೊಂದು. ಡೈಪೋಲಿನ ನಡುವಿಗೆ ಕೋಆಕ್ಸನ್ನು ನೇರವಾಗಿ ಕಟ್ಟಿದರೆ ಆಂಟೆನಾಕ್ಕೆ ಎರಡಲ್ಲ, ಮೂರು ಕಾಲು. ಮೂರನೆಯದು ತಾರಸಿಯಿಂದ ಇಳಿದು, ಕಿಟಕಿ ದಾಟಿ, ನಿಮ್ಮ ಮೇಜಿನ ಮೇಲೆ ಬಂದು ನಿಲ್ಲುತ್ತದೆ. ಸರ್ಕ್ಯೂಟ್ ಚಿತ್ರದಲ್ಲಿ ಈ ತಂತಿ ಇಲ್ಲ. ಮೈಕಿನ ಕೇಬಲ್, ಪವರ್ ಸಪ್ಲೈ ವೈರ್, ಆ ಅರ್ತ್ ತಂತಿ, ಇವು ಕೂಡ ಇಲ್ಲ. ಮನೆಯಲ್ಲಿ ಕಟ್ಟಿದ ರಿಗ್‌ನ ತೊಂದರೆಗಳಲ್ಲಿ ಹೆಚ್ಚಿನವು ಹೀಗೆ ಯಾರೂ ಬರೆಯದ ತಂತಿಗಳಿಂದಲೇ ಬರುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ.

ಕೇಬಲ್ಲಿನ ಹೊರಮೈಯ ಈ ಕರೆಂಟನ್ನು ಅಳೆಯುವ ಸಾಧನವನ್ನು ಮನೆಯಲ್ಲೇ ಮಾಡಬಹುದು. ಕಂಪ್ಯೂಟರ್ ಕೇಬಲ್ಲಿಗೆ ಹಾಕುವ, ಎರಡು ಹೋಳಾಗಿ ತೆರೆದುಕೊಳ್ಳುವ ಫೆರೈಟ್ ಕ್ಲಿಪ್ ತಗೊಳ್ಳಿ. ಅದರ ಒಂದು ಹೋಳಿಗೆ ತೆಳು ಎನಾಮಲ್ ತಂತಿ ಹತ್ತು ಸುತ್ತು ಸುತ್ತಿ, ತುದಿಗಳಿಗೆ 100 ಓಮ್ ರೆಸಿಸ್ಟರ್, ಒಂದು ಜರ್ಮೇನಿಯಂ ಡಯೋಡ್, ಒಂದು 0.01 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿಸಿ ಮಲ್ಟಿಮೀಟರಿಗೆ ಕೊಡಿ. ಕೇಬಲ್ಲಿನ ಸುತ್ತ ಕ್ಲಿಪ್ ಮುಚ್ಚಿ, ಕಡಿಮೆ ಪವರಿನಲ್ಲಿ ಟ್ರಾನ್ಸ್‌ಮಿಟ್ ಮಾಡಿ, ಮೆಲ್ಲಗೆ ಸರಿಸುತ್ತ ಹೋಗಿ. ಕೇಬಲ್ಲಿನ ಒಳಗೆ ಹೋಗುವ ಮತ್ತು ಬರುವ ವಿದ್ಯುತ್ತು ಒಂದನ್ನೊಂದು ರದ್ದು ಮಾಡುವುದರಿಂದ ಅದು ಮೀಟರಿಗೆ ಕಾಣುವುದಿಲ್ಲ, ಹೊರಮೈಯಲ್ಲಿ ಕದ್ದು ಹರಿಯುವುದಷ್ಟೇ ಕಾಣುತ್ತದೆ. ಆ ಯುವಕನ ಮನೆಯಲ್ಲಿ ತಾರಸಿಯ ಮೆಟ್ಟಿಲ ಬಳಿ ಮೀಟರಿನ ಅಂಕಿ ಏರುತ್ತ ಹೋಯಿತು, ಕೋಣೆಯೊಳಗೆ ಬರುತ್ತ ಇಳಿಯಿತು. ಕರೆಂಟು ಇಳಿದ ಕಡೆ ವೋಲ್ಟೇಜ್ ಏರಿರುತ್ತದೆ. ರಿಗ್ ಇದ್ದದ್ದು ಸರಿಯಾಗಿ ಅಲ್ಲಿ.

ಈಗ ಫೆರೈಟಿನ ಸರದಿ. ಒಂದು ಕ್ಲಿಪ್ಪಿನ ಮೂಲಕ ಕೇಬಲ್ ಒಂದೇ ಸಲ ಹಾದುಹೋದರೆ 7 ಮೆಗಾಹರ್ಟ್ಸ್‌ನಲ್ಲಿ ಸಿಗುವ ಅಡ್ಡಿ ಕೆಲವು ಹತ್ತು ಓಮ್‌ಗಳಷ್ಟೆ, ಏನೂ ಸಾಲದು. ಸುತ್ತಿನ ವರ್ಗಕ್ಕೆ ತಕ್ಕಂತೆ ಅದು ಏರುತ್ತದೆ: ಹತ್ತು ಸುತ್ತಿಗೆ ಹತ್ತಿರ ಹತ್ತಿರ ನೂರು ಪಟ್ಟು. ಎಫ್‌ಟಿ240-43 ಎಂಬ ದೊಡ್ಡ ಫೆರೈಟ್ ಬಳೆಯ ಮೇಲೆ ಆರ್‌ಜಿ-58 ಕೇಬಲ್ಲನ್ನೇ ಹನ್ನೆರಡು ಸುತ್ತು ಸುತ್ತಿ ಡೈಪೋಲಿನ ನಡುವಿಗೆ ಕಟ್ಟಿದೆವು. ಅಂಥದೇ ಇನ್ನೊಂದನ್ನು ಕೇಬಲ್ ಕೋಣೆಗೆ ಬರುವ ಜಾಗದಲ್ಲಿ ಕೂರಿಸಿದೆವು. ತುಟಿಗೆ ಚುರುಗುಟ್ಟುವುದು ನಿಂತಿತು. ಅರ್ತ್ ತಂತಿ ಕಟ್ಟಿದರೂ ಬಿಚ್ಚಿದರೂ ದನಿಯಲ್ಲಿ ಏನೂ ಬದಲಾಗಲಿಲ್ಲ. ಹೊರಗಿನ ದಾರಿ ಮುಚ್ಚಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಆದರೂ ಜೋರಾಗಿ ಮಾತಾಡಿದಾಗ ಸ್ವಲ್ಪ ಕರಕರ ಉಳಿದಿತ್ತು, ಡಮ್ಮಿ ಲೋಡಿನಲ್ಲೂ. ಪೆಟ್ಟಿಗೆ ಬಿಚ್ಚಿದರೆ ಮೈಕ್ ಸಾಕೆಟ್ಟಿನಿಂದ ಬೋರ್ಡಿಗೆ ಬಂದ ವೈರು ಶೀಲ್ಡ್ ಇಲ್ಲದ್ದು, ಹತ್ತು ಸೆಂಟಿಮೀಟರ್ ಉದ್ದ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಮೈಗೆ ತಾಗಿಯೇ ಹೋಗಿತ್ತು. ಇಲ್ಲಿ ಕೆಪಾಸಿಟರಿನ ಕೆಲಸವಿದೆ. ಮೈಕಿನ ದಾರಿಯಿಂದ ಗ್ರೌಂಡಿಗೆ 1 ನ್ಯಾನೊಫ್ಯಾರಡ್ ಹಾಕಿದರೆ ಅದು 7 ಮೆಗಾಹರ್ಟ್ಸ್‌ಗೆ ಬರೀ 23 ಓಮ್, ಆರ್‌ಎಫ್ ಅಲ್ಲೇ ನೆಲ ಸೇರುತ್ತದೆ. ನಮ್ಮ ದನಿಯ 1 ಕಿಲೊಹರ್ಟ್ಸ್‌ಗೆ ಅದೇ ಕೆಪಾಸಿಟರ್ 1,59,000 ಓಮ್, ದನಿಗೆ ಅದು ಇದ್ದೂ ಇಲ್ಲದಂತೆ. ಆದರೆ ಅದನ್ನು ಸಾಕೆಟ್ಟಿನ ಬುಡದಲ್ಲೇ, ಕಾಲುಗಳನ್ನು ಗಿಡ್ಡವಾಗಿ ಕತ್ತರಿಸಿ ಬೆಸೆಯಬೇಕು. ಒಂದು ಮಿಲಿಮೀಟರ್ ತಂತಿ ಎಂದರೆ ಸುಮಾರು ಒಂದು ನ್ಯಾನೊಹೆನ್ರಿ ಇಂಡಕ್ಟನ್ಸ್. ಹತ್ತು ಸೆಂಟಿಮೀಟರ್ ಗ್ರೌಂಡ್ ವೈರ್ ಎಳೆದರೆ ಅದೇ 7 ಮೆಗಾಹರ್ಟ್ಸ್‌ನಲ್ಲಿ ನಾಲ್ಕು ಓಮ್‌ಗೂ ಹೆಚ್ಚು. ಬೇರೆಡೆ ಹಾಕುವ 0.1 ಮೈಕ್ರೊಫ್ಯಾರಡಿನ ಬೈಪಾಸ್ ಕೆಪಾಸಿಟರ್ ಸ್ವತಃ ಕಾಲು ಓಮ್ ಕೂಡ ಇಲ್ಲ. ಅದರ ಒಳ್ಳೆಯತನವನ್ನೆಲ್ಲ ಆ ಉದ್ದನೆಯ ಕಾಲೇ ತಿಂದುಹಾಕುತ್ತದೆ. ಅದಕ್ಕೇ ತಾಮ್ರದ ಹಾಳೆಯನ್ನೇ ಗ್ರೌಂಡ್ ಮಾಡಿಕೊಂಡು ಬಿಡಿಭಾಗಗಳನ್ನು ಅದರ ಮೇಲೆ ನೇರವಾಗಿ ಬೆಸೆಯುವ ಹಳೆಯ ಪದ್ಧತಿ ನನಗೆ ಇಷ್ಟ. ನೋಟಕ್ಕೆ ಒರಟು, ಆದರೆ ಗ್ರೌಂಡ್ ಎಲ್ಲಿ ಮುಟ್ಟಿದರೂ ಗ್ರೌಂಡೇ.

ಮೈಕ್ ಬಿಚ್ಚಿ ಪಿಟಿಟಿ ಒತ್ತಿದರೂ ಪವರ್ ಬರುತ್ತಿದ್ದರೆ ಅದು ಬೇರೆ ಕಾಯಿಲೆ, ಔಟ್‌ಪುಟ್ ಹಂತವೇ ತಾನೇತಾನಾಗಿ ಆಸಿಲೇಟ್ ಆಗುತ್ತಿರಬಹುದು. ಐಆರ್‌ಎಫ್510ನ ಗೇಟಿನ ಬುಡಕ್ಕೇ ಹತ್ತು ಓಮ್ ರೆಸಿಸ್ಟರ್ ಅಥವಾ ಒಂದು ಫೆರೈಟ್ ಮಣಿ ಹಾಕಿದರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ.

ನಮ್ಮ ರಿಗ್‌ನಿಂದ ಬೇರೆಯವರಿಗೆ ಆಗುವ ತೊಂದರೆಯ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. 7.1ರ ಜೊತೆ ಅದರ ಎರಡು, ಮೂರು ಪಟ್ಟಿನ 14.2, 21.3 ಮೆಗಾಹರ್ಟ್ಸ್ ಹಾರ್ಮೋನಿಕ್‌ಗಳು ಹುಟ್ಟಿಯೇ ಹುಟ್ಟುತ್ತವೆ, ಲೋ ಪಾಸ್ ಫಿಲ್ಟರ್ ಅವನ್ನು ತಡೆಯಬೇಕು. ಮನೆ ಮೇಲಿನ ಆಂಟೆನಾದಲ್ಲಿ ದೂರದರ್ಶನ ನೋಡುತ್ತಿದ್ದ ಕಾಲದಲ್ಲಿ 21 ಮೆಗಾಹರ್ಟ್ಸ್‌ನ ಮೂರನೇ ಹಾರ್ಮೋನಿಕ್ ನಾಲ್ಕನೇ ಚಾನೆಲ್ಲಿನ ನಡುವಿಗೇ ಬೀಳುತ್ತಿತ್ತು. ಆಗಿನ ಹ್ಯಾಮ್‌ಗಳು ಫಿಲ್ಟರನ್ನು ಅಷ್ಟು ಗಂಭೀರವಾಗಿ ಕಲಿತದ್ದು ಸುಮ್ಮನೆ ಅಲ್ಲ. ಫಿಲ್ಟರ್ ಇದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೂ ಫರ್ಹಾನ್ ಅವರದೇ ಇನ್ನೊಂದು ವಿನ್ಯಾಸ, ಮೈಕ್ರೊಬಿಟ್‌ಎಕ್ಸ್, ಉದಾಹರಣೆ ಕೊಡುತ್ತದೆ. ಅದರ ಮೊದಲ ಆವೃತ್ತಿಗಳಲ್ಲಿ ಫಿಲ್ಟರುಗಳ ಲೆಕ್ಕ ಸರಿಯಿತ್ತು, ಆದರೆ ಬ್ಯಾಂಡಿಗೆ ತಕ್ಕಂತೆ ಅವನ್ನು ಬದಲಿಸುವ ರಿಲೇಗಳ ಒಳಗೆ ಮತ್ತು ಅಕ್ಕಪಕ್ಕದ ದಾರಿಗಳಲ್ಲಿ ಆರ್‌ಎಫ್ ಫಿಲ್ಟರನ್ನು ದಾಟಿ ನೆಗೆಯುತ್ತಿತ್ತು. ಕಟ್ಟಿದವರು ಅಳೆದು ಹೇಳಿದರು, ಮುಂದಿನ ಬೋರ್ಡಿನಲ್ಲಿ ರಿಲೇಗಳ ವ್ಯವಸ್ಥೆಯೇ ಬದಲಾಯಿತು. ತೆರೆದಿಟ್ಟ ವಿನ್ಯಾಸಕ್ಕೆ ಸಿಗುವ ಲಾಭ ಇದು.

ಎಲ್ಲ ಶುದ್ಧವಾದ ಮೇಲೂ ಪಕ್ಕದ ಮನೆಯ ಸ್ಪೀಕರಿನಲ್ಲಿ ನಿಮ್ಮ ದನಿ ಗೊರಗುಟ್ಟಿದರೆ ಅಲ್ಲಿನ ಆಂಪ್ಲಿಫೈಯರಿನ ಜಂಕ್ಷನ್ನು ನಿಮ್ಮ ಮೈಕಿನ ಫೆಟ್ ಮಾಡಿದ ಕೆಲಸವನ್ನೇ ಮಾಡುತ್ತಿದೆ, ಸ್ಪೀಕರಿಗೆ ಎಳೆದ ಉದ್ದ ವೈರೇ ಅದಕ್ಕೆ ಆಂಟೆನಾ. ತಪ್ಪು ನಿಮ್ಮದಲ್ಲ ಎಂದು ವಾದಿಸಲು ಹೋಗಬೇಡಿ. ಯಾವ ಹೊತ್ತಿಗೆ ಕೇಳಿಸಿತೆಂದು ಎರಡು ದಿನ ಗುರುತು ಹಾಕಿಕೊಳ್ಳಲು ಅವರನ್ನು ಕೇಳಿ, ನಿಮ್ಮ ಲಾಗ್ ಪುಸ್ತಕದ ಹೊತ್ತಿನ ಜೊತೆ ತಾಳೆ ನೋಡಿ. ತಾಳೆಯಾದರೆ ಒಂದು ಫೆರೈಟ್ ಬಳೆ ಹಿಡಿದು ಹೋಗಿ, ಅವರ ಒಪ್ಪಿಗೆ ಪಡೆದು, ಸ್ಪೀಕರ್ ವೈರನ್ನು ಆಂಪ್ಲಿಫೈಯರಿನ ಪಕ್ಕದಲ್ಲೇ ಹತ್ತು ಸುತ್ತು ಸುತ್ತಿಕೊಟ್ಟು ಬನ್ನಿ.